ಬ್ರೊಮೀಲಿಯಾಡ್ ಗಿಡಗಳಲ್ಲಿ ಹಣ್ಣು ಕಟ್ಟಿದರೂ ಬೀಜ ಕಟ್ಟದಿರುವುದೇಕೆ?

ಎಲೆಬಟ್ಟಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬ್ರೊಮೀಲಿಯಾಡ್ (ಅನಾನಸ್) ಕುಟುಂಬದ ಗಿಡಗಳನ್ನು ಆರು ವರ್ಷಗಳಿಂದ ಬೆಳೆಸುತ್ತಿದ್ದೇನೆ. ಬುಡದಲ್ಲಿ ಬರುವ ಮರಿಗಳನ್ನು ಬೇರ್ಪಡಿಸಿ ನೆಡುವುದೊಂದೇ ಇದುವರೆಗೆ ನನಗೆ ಗೊತ್ತಿದ್ದ ದಾರಿ. ಈ ವರ್ಷ ಬೀಜದಿಂದ ಗಿಡ ಮಾಡಬೇಕೆಂಬ ಆಸೆ ಹುಟ್ಟಿ, ಹೂವುಗಳನ್ನು ಮೊದಲಿಗಿಂತ ಹೆಚ್ಚು ಗಮನವಿಟ್ಟು ನೋಡತೊಡಗಿದೆ. ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ.

ನನ್ನಲ್ಲಿ ಎಕ್ಮಿಯಾದ ಮೂರು ಕುಂಡಗಳಿವೆ. ಮೂರೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಹೂಬಿಟ್ಟವು. ದಿನವೂ ಬೆಳಿಗ್ಗೆ ಸಣ್ಣ ಕುಂಚದಿಂದ ಒಂದು ಕುಂಡದ ಪರಾಗವನ್ನು ತೆಗೆದು ಇನ್ನೊಂದರ ಹೂವಿಗೆ ಹಚ್ಚಿದೆ. ಹೂವುಗಳು ಬಾಡಿದ ಮೇಲೆ ಕಾಯಿಗಳು ಕೆಂಪಗೆ ಹೊಳೆಯುತ್ತ ಎರಡು ತಿಂಗಳಿಗೂ ಹೆಚ್ಚು ಕಾಲ ಗೊಂಚಲಿನಲ್ಲಿ ನಿಂತಿದ್ದರಿಂದ ಪರಾಗಸ್ಪರ್ಶ ಯಶಸ್ವಿಯಾಯಿತೆಂದೇ ನಂಬಿದ್ದೆ. ಮೊನ್ನೆ ನಾಲ್ಕೈದನ್ನು ಸೀಳಿ ನೋಡಿದರೆ ಒಳಗೆ ಬಿಳಿಯ, ಮೆತ್ತನೆಯ, ಸಾಸಿವೆಗಿಂತ ಎಷ್ಟೋ ಸಣ್ಣದಾದ ಕಣಗಳಿದ್ದವೇ ಹೊರತು ಬೀಜವೆನ್ನಬಹುದಾದದ್ದು ಒಂದೂ ಇರಲಿಲ್ಲ.

ಇದಕ್ಕೆ ತದ್ವಿರುದ್ಧವಾಗಿ, ಮರದ ತುಂಡಿಗೆ ಕಟ್ಟಿರುವ ಟಿಲ್ಯಾಂಡ್ಸಿಯಾ ಗಿಡ ಇರುವುದು ಒಂದೇ. ಅದರ ಹೂವನ್ನು ನಾನು ಮುಟ್ಟಿಯೂ ಇಲ್ಲ. ಆದರೂ ಅದರಲ್ಲಿ ಎರಡು ಕಾಯಿಗಳು ನಿಂತಿವೆ. ಏಳು ತಿಂಗಳಾದರೂ ಅವು ಹಸಿರಾಗಿ, ಗಟ್ಟಿಯಾಗಿ, ಹಣ್ಣಾಗುವ ಲಕ್ಷಣವೇ ಇಲ್ಲದಂತೆ ಇವೆ. ಒಂದೇ ಕುಟುಂಬದ ಎರಡು ಗಿಡಗಳಲ್ಲಿ ಕಾಯಿಯ ರೂಪವೂ ನಡೆಯೂ ಇಷ್ಟು ಭಿನ್ನವಾಗಿರುವುದೇಕೆ? ಎಕ್ಮಿಯಾದಲ್ಲಿ ನಾನು ಮಾಡಿದ ತಪ್ಪೇನು? ಕಾಯಿ ಕಟ್ಟಿದ ತಾಯಿಗಿಡ ಸೊರಗಿ ಸಾಯುತ್ತದೆಂದು ಓದಿದ್ದೇನೆ. ಹಾಗಿದ್ದರೆ ಹೂದಂಟನ್ನು ಈಗಲೇ ಕತ್ತರಿಸಿಬಿಡುವುದು ಒಳ್ಳೆಯದೇ?

ನೆರಳುಮನೆ

ಕೊನೆಯ ಪ್ರಶ್ನೆಗೆ ಮಾತ್ರ ನನ್ನ ಅಭಿಪ್ರಾಯ ಹೇಳುತ್ತೇನೆ. ಬೀಜದಿಂದ ಬೆಳೆದ ಗಿಡ ಹೂಬಿಡಲು ಹಲವು ವರ್ಷಗಳು ಬೇಕು, ಮರಿಯಿಂದಾದರೆ ಒಂದೆರಡು ವರ್ಷ ಸಾಕು. ಆದ್ದರಿಂದ ನಾನು ಹೂವು ಬಾಡಿದ ಕೂಡಲೇ ದಂಟನ್ನು ಕತ್ತರಿಸುತ್ತೇನೆ. ತಾಯಿಗಿಡವೂ ಉಳಿಯುತ್ತದೆ, ಮರಿಗಳೂ ದಷ್ಟಪುಷ್ಟವಾಗಿ ಬರುತ್ತವೆ.

ಹಳೆಯ ವಿದ್ಯಾರ್ಥಿ

ನೆರಳುಮನೆಯವರ ಮಾತಿನ ಅರ್ಧಭಾಗವನ್ನು ಒಪ್ಪುತ್ತೇನೆ. ಉಳಿದರ್ಧಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಕಾಯಿಯ ರೂಪದ ವಿಷಯ.

ಬ್ರೊಮೀಲಿಯಾಡ್ ಹೂವಿನ ಲೆಕ್ಕವೆಲ್ಲ ಮೂರರಲ್ಲಿ ನಡೆಯುತ್ತದೆ. ಮೂರು ಪುಷ್ಪಪತ್ರಗಳು, ಮೂರು ದಳಗಳು, ಮೂರರಂತೆ ಎರಡು ಸುತ್ತಿನಲ್ಲಿ ಆರು ಕೇಸರಗಳು, ಮೂರು ಕೋಣೆಗಳಿರುವ ಒಂದು ಅಂಡಾಶಯ, ಅದರ ಮೇಲೆ ಪರಾಗವನ್ನು ಹಿಡಿದುಕೊಳ್ಳುವ, ಮೂರು ಸೀಳಿನ ಶಲಾಕಾಗ್ರ. ಇಷ್ಟು ಎಲ್ಲರಿಗೂ ಸಮಾನ. ವ್ಯತ್ಯಾಸವಿರುವುದು ಅಂಡಾಶಯ ಎಲ್ಲಿ ಕುಳಿತಿದೆ ಎಂಬುದರಲ್ಲಿ. ಟಿಲ್ಯಾಂಡ್ಸಿಯಾ, ಗುಜ್ಮೇನಿಯಾ, ವ್ರಿಸಿಯಾಗಳಲ್ಲಿ ಅಂಡಾಶಯವು ದಳಗಳ ಬುಡಕ್ಕಿಂತ ಮೇಲೆ, ಹೂವಿನ ಒಳಗೆ ಇರುತ್ತದೆ. ಎಕ್ಮಿಯಾ, ಬಿಲ್ಬರ್ಜಿಯಾ, ನಿಯೊರೆಗೇಲಿಯಾ ಮತ್ತು ಅನಾನಸ್‌ಗಳಲ್ಲಿ ಅದು ದಳಗಳ ಕೆಳಗಿದ್ದು, ಹೂವಿನ ಬುಡದ ಅಂಗಾಂಶದೊಂದಿಗೆ ಬೆಸೆದುಕೊಂಡಿರುತ್ತದೆ. ಮೊದಲ ಗುಂಪಿನಲ್ಲಿ ಅಂಡಾಶಯ ಬಲಿತು ಒಣಗಿ, ಮೂರು ಹೋಳಾಗಿ ಬಿರಿಯುವ ಸಂಪುಟಫಲವಾಗುತ್ತದೆ. ಎರಡನೆಯ ಗುಂಪಿನಲ್ಲಿ ಅದು ತಾನಾಗಿ ಬಿರಿಯದ ರಸಭರಿತ ಬೆರ್ರಿಯಾಗುತ್ತದೆ.

ನಿಮ್ಮ ಗೊಂದಲದ ಮೂಲ ಇಲ್ಲೇ ಇದೆಯೆಂದು ನನಗೆ ತೋರುತ್ತದೆ. ಎಕ್ಮಿಯಾದಲ್ಲಿ ನೀವು ಕಾಯಿಯೆಂದು ಕಂಡದ್ದು ಹೂವು ಅರಳುವ ಮೊದಲೇ ಅದರ ಕೆಳಗೆ ಗುಂಡಗೆ, ಬಣ್ಣ ತುಂಬಿಕೊಂಡು ಕುಳಿತಿದ್ದ ಅಂಡಾಶಯ. ದಳಗಳು ಬಾಡಿದ ಮೇಲೆ ಅದೊಂದೇ ಕಣ್ಣಿಗೆ ಬೀಳುವುದರಿಂದ ಈಗ ತಾನೇ ಕಾಯಿ ಕಟ್ಟಿತೆಂಬ ಭ್ರಮೆಯಾಗುತ್ತದೆ. ಇಂಥ ಅನೇಕ ಜಾತಿಗಳಲ್ಲಿ ನಿಷೇಚನವಾಗದ (ಪರಾಗದ ಗಂಡು ಕೋಶ ಅಂಡದೊಡನೆ ಸೇರದ) ಅಂಡಾಶಯವೂ ವಾರಗಟ್ಟಲೆ, ತಿಂಗಳುಗಟ್ಟಲೆ ಬಣ್ಣಗೆಡದೆ ನಿಲ್ಲುತ್ತದೆ. ನಿಜವಾಗಿ ಬೀಜ ಕಟ್ಟಿದ ಬೆರ್ರಿ ಪಕ್ಕದ ಬರಡು ಬೆರ್ರಿಗಳಿಗಿಂತ ಸ್ಪಷ್ಟವಾಗಿ ಉಬ್ಬುತ್ತದೆ, ಮಾಗುವಾಗ ಜಾತಿಗನುಗುಣವಾಗಿ ನೀಲಿಗೋ ನೇರಳೆಗೋ ಕಪ್ಪಿಗೋ ಬಿಳಿಗೋ ತಿರುಗುತ್ತದೆ, ಬೆರಳಿಂದ ಒತ್ತಿದರೆ ಮೃದುವಾಗಿರುತ್ತದೆ. ನಿಮಗೆ ಕಂಡ ಬಿಳಿಯ ಕಣಗಳು ಬೀಜವಾಗಬೇಕಿದ್ದು, ನಿಷೇಚನವಾಗದೆ ಉಳಿದ ಅಂಡಕಗಳು.

ಅನಾನಸ್ ಹಣ್ಣನ್ನು ಒಮ್ಮೆ ಈ ಕಣ್ಣಿನಿಂದ ನೋಡಿದರೆ ವಿಷಯ ಚೆನ್ನಾಗಿ ಮನವರಿಕೆಯಾಗುತ್ತದೆ. ಅದು ಒಂದು ಹಣ್ಣಲ್ಲ. ಸಾಮಾನ್ಯವಾಗಿ ನೂರರಿಂದ ಇನ್ನೂರರಷ್ಟು ಹೂವುಗಳ ಅಂಡಾಶಯಗಳು, ಅವುಗಳ ಪುಷ್ಪಪತ್ರಗಳ ಬುಡ, ಹೂವಿನಡಿಯ ಎಲೆಗಳ ಬುಡ ಮತ್ತು ನಡುವಿನ ದಂಟು ಇವೆಲ್ಲ ಉಬ್ಬಿ ಒಂದಾಗಿ ಬೆಸೆದ ಗೊಂಚಲು. ಸಿಪ್ಪೆಯ ಮೇಲಿನ ಒಂದೊಂದು ಕಣ್ಣೂ ಒಂದೊಂದು ಹೂವಿನ ಗುರುತು. ಆ ಕಣ್ಣುಗಳನ್ನು ಓರೆಸಾಲಿನಲ್ಲಿ ಎಣಿಸಿದರೆ ಒಂದು ಬದಿಗೆ 8, ಇನ್ನೊಂದು ಬದಿಗೆ 13 ಸಾಲುಗಳು ಸಿಗುವುದು ಸಾಮಾನ್ಯ. ದಂಟು ಹಣ್ಣಿನಲ್ಲೇ ಮುಗಿಯದೆ ಮೇಲಕ್ಕೆ ಬೆಳೆದು ಎಲೆಗಳ ಜುಟ್ಟಾಗುತ್ತದೆ. ಸಿಪ್ಪೆಯನ್ನು ತೆಳ್ಳಗೆ ಹೆರೆದು ನೋಡಿದರೆ ಪ್ರತಿ ಕಣ್ಣಿನ ಹಿಂದೆಯೂ ಅಂಡಾಶಯದ ಸಣ್ಣ ಪೊಟರೆಗಳು, ಅವುಗಳಲ್ಲಿ ಬೆಳೆಯದೆ ಉಳಿದ ಅಂಡಕಗಳು ಕಾಣುತ್ತವೆ. ಇಷ್ಟು ದೊಡ್ಡ ಹಣ್ಣು ಬೆಳೆಯುವುದಕ್ಕೆ ಒಂದು ಬೀಜದ ನೆರವೂ ಬೇಕಾಗಿಲ್ಲ; ಸಾಗುವಳಿಯ ಅನಾನಸ್ ನಿಷೇಚನವಿಲ್ಲದೆಯೇ ಹಣ್ಣಾಗುವ ಗುಣ ಪಡೆದಿದೆ. ಆದ್ದರಿಂದ ಈ ಕುಟುಂಬದಲ್ಲಿ ಹಣ್ಣನ್ನು ನೋಡಿ ಬೀಜವಿದೆಯೆಂದು ತೀರ್ಮಾನಿಸುವಂತಿಲ್ಲ.

ನಿಷೇಚನವಾದಾಗ ಒಳಗೆ ನಡೆಯುವುದು ಇತರ ಹೂಬಿಡುವ ಸಸ್ಯಗಳಲ್ಲಿ ನಡೆಯುವಂಥದ್ದೇ. ಪರಾಗನಳಿಕೆ ತಂದ ಎರಡು ಗಂಡು ಕೋಶಗಳಲ್ಲಿ ಒಂದು ಅಂಡದೊಡನೆ ಸೇರಿ ಭ್ರೂಣಕ್ಕೆ ಮೊದಲಾಗುತ್ತದೆ, ಇನ್ನೊಂದು ಭ್ರೂಣಾಹಾರಕ್ಕೆ. ಬಲಿತ ಬೀಜದ ಬಹುಭಾಗ ಪಿಷ್ಟ ತುಂಬಿದ ಈ ಭ್ರೂಣಾಹಾರವೇ. ಭ್ರೂಣ ಒಂದು ತುದಿಯಲ್ಲಿ ಸಣ್ಣದಾಗಿ ಕುಳಿತಿರುತ್ತದೆ. ಬೀಜಕವಚ ಮಾತ್ರ ಗುಂಪಿನಿಂದ ಗುಂಪಿಗೆ ಬೇರೆಯೇ ವೇಷ ತೊಡುತ್ತದೆ. ಟಿಲ್ಯಾಂಡ್ಸಿಯಾ ಗುಂಪಿನಲ್ಲಿ ಹೊರಗವಚದ ಕೋಶಗಳು ಉದ್ದುದ್ದ ಎಳೆಗಳಾಗಿ ಬೇರ್ಪಟ್ಟು, ಎಕ್ಕದ ಬೀಜಕ್ಕಿರುವಂಥ ರೇಷ್ಮೆಕುಚ್ಚಾಗುತ್ತವೆ. ಕುಚ್ಚು ಸಾಮಾನ್ಯವಾಗಿ ಬೀಜದ ಬುಡದಲ್ಲಿರುತ್ತದೆ. ಕ್ಯಾಟೊಪ್ಸಿಸ್ ಕುಲದಲ್ಲಿ ಮಾತ್ರ ಅದು ತುದಿಯಲ್ಲಿ ಮಡಚಿಕೊಂಡಿರುತ್ತದೆ. ಗಾಳಿಯಲ್ಲಿ ತೇಲಿ ಬಂದ ಬೀಜ ಮರದ ತೊಗಟೆಯ ಒರಟಿಗೆ ಸಿಕ್ಕಿಕೊಳ್ಳುವುದು ಈ ಕುಚ್ಚಿನಿಂದಲೇ. ಡಿಕಿಯಾ, ಪಿಟ್‌ಕೇರ್ನಿಯಾ, ಪೂಯಾಗಳ ಸಂಪುಟಫಲದಿಂದ ಹೊರಬರುವ ಬೀಜಗಳಿಗೆ ಕುಚ್ಚಿಲ್ಲ. ತೆಳುವಾದ ರೆಕ್ಕೆಯೋ ಬಾಲದಂಥ ಚಾಚೋ ಇರುತ್ತದೆ. ಬೆರ್ರಿಯೊಳಗಿನ ಬೀಜಕ್ಕೆ ಇವೆರಡೂ ಇಲ್ಲ, ಬದಲಿಗೆ ಅನೇಕ ಜಾತಿಗಳಲ್ಲಿ ಅಂಟಾದ ಲೋಳೆಯ ಹೊದಿಕೆಯಿದೆ. ಅದನ್ನು ಹಕ್ಕಿಗಳು, ಬಾವಲಿಗಳು, ಕೆಲವೆಡೆ ಇರುವೆಗಳು ಒಯ್ಯುತ್ತವೆ. ದಕ್ಷಿಣ ಅಮೆರಿಕದ ಎಕ್ಮಿಯಾ ಮರ್ಟೆನ್ಸಿಯೈ ಎಂಬ ಜಾತಿಯನ್ನು ಇರುವೆಗಳು ತಮ್ಮ ಗೂಡಿನ ಮೇಲೆಯೇ ತೋಟದಂತೆ ಬೆಳೆಸಿಕೊಳ್ಳುತ್ತವೆ.

ಹಣ್ಣು ಮತ್ತು ಬೀಜದ ಈ ಲಕ್ಷಣಗಳನ್ನು ಆಧರಿಸಿಯೇ ಹಿಂದಿನ ಸಸ್ಯಶಾಸ್ತ್ರಜ್ಞರು ಕುಟುಂಬವನ್ನು ಮೂರು ಉಪಕುಟುಂಬಗಳಾಗಿ ವಿಂಗಡಿಸಿದ್ದರು. ಡಿಎನ್‌ಎ ಅಧ್ಯಯನದ ನಂತರ ಅವು ಎಂಟಾಗಿವೆ. ಒಣಗಾಯಿ ಬಿಡುವ ಪೂಯಾ ರಕ್ತಸಂಬಂಧದಲ್ಲಿ ಅನಾನಸಿನ ಗುಂಪಿಗೇ ಹತ್ತಿರವೆಂದು ತಿಳಿದಾಗ ನನ್ನಂಥ ಹಳಬರಿಗೆ ಸ್ವಲ್ಪ ಕಸಿವಿಸಿಯಾದದ್ದು ನಿಜ.

ಇನ್ನು ದಂಟನ್ನು ಕತ್ತರಿಸುವ ವಿಚಾರ. ಕಾಯಿ ಕಟ್ಟುವುದಕ್ಕೆ ಗಿಡ ಶಕ್ತಿ ವ್ಯಯಿಸುವುದರಿಂದ ಮರಿಗಳು ತುಸು ತಡವಾಗಬಹುದು; ಅಷ್ಟನ್ನು ಒಪ್ಪುತ್ತೇನೆ. ಆದರೆ ದಂಟನ್ನು ಕತ್ತರಿಸಿದರೆ ತಾಯಿಗಿಡ ಉಳಿಯುತ್ತದೆಂಬುದು ಸರಿಯಲ್ಲ. ಎಕ್ಮಿಯಾದಲ್ಲಿ ಎಲೆಗಳನ್ನು ಹುಟ್ಟಿಸುತ್ತಿದ್ದ ತುದಿಮೊಗ್ಗೇ ಹೂಗೊಂಚಲಾಗಿ ಮಾರ್ಪಟ್ಟಿರುತ್ತದೆ. ಆ ಸುಳಿಯಲ್ಲಿ ಇನ್ನು ಹೊಸ ಎಲೆ ಬರುವುದು ಸಾಧ್ಯವಿಲ್ಲ. ಗೊನೆ ಹಾಕಿದ ಬಾಳೆಯಂತೆ ಅದರ ಪಯಣ ಮುಗಿದಂತೆಯೇ, ಬಾಳೆಗಿಂತ ನಿಧಾನ ಅಷ್ಟೇ. ಹೂದಂಟು ಎಲೆಗಳ ಪಕ್ಕದಿಂದ ಹೊರಡುವ ಡಿಕಿಯಾದಂಥ ಕೆಲವು ಗಿಡಗಳು ಮಾತ್ರ ಹೂಬಿಟ್ಟ ಮೇಲೂ ಅದೇ ಸುಳಿಯಿಂದ ಬೆಳೆಯುತ್ತವೆ. ಇನ್ನೊಂದು ತುದಿಯಲ್ಲಿ ಪೂಯಾ ರೈಮಂಡಿಯೈ ಇದೆ. ಪೆರು ಮತ್ತು ಬೊಲಿವಿಯಾಗಳ ಆಂಡಿಸ್ ಪರ್ವತಗಳಲ್ಲಿ, 3,000 ಮೀಟರಿಗೂ ಮೇಲೆ, ಹಲವು ದಶಕಗಳ ಕಾಲ ಬರಿಯ ಎಲೆಗಳನ್ನೇ ಬೆಳೆಸಿಕೊಂಡಿದ್ದು, ಒಂದೇ ಒಂದು ಸಲ ಸಾವಿರಾರು ಹೂವುಗಳ ಗೊಂಚಲನ್ನು ಎತ್ತಿ, ಲಕ್ಷಗಟ್ಟಲೆ ಬೀಜ ಚೆಲ್ಲಿ ಸಾಯುತ್ತದೆ. ಅದಕ್ಕೆ ಮರಿಗಳಿಲ್ಲ, ಬೀಜವೊಂದೇ ಗತಿ.

ಕುಂಚ ಮತ್ತು ದಾರ

ಮೇಲಿನ ವಿವರಣೆಗೆ ಒಂದು ಪ್ರಶ್ನೆಯನ್ನು ಸೇರಿಸುತ್ತೇನೆ. ಎಲೆಬಟ್ಟಲು ಅವರೇ, ನಿಮ್ಮ ಎಕ್ಮಿಯಾದ ಮೂರು ಕುಂಡಗಳು ಬೇರೆ ಬೇರೆ ಕಡೆಯಿಂದ ಬಂದವೇ, ಅಥವಾ ಒಂದೇ ತಾಯಿಯ ಮರಿಗಳೇ?

ಇದನ್ನು ಕೇಳಲು ಕಾರಣವಿದೆ. ಮರಿಯಿಂದ ಬೆಳೆದ ಗಿಡ ತಾಯಿಯ ಸಂತಾನವಲ್ಲ, ಅದು ತಾಯಿಯೇ. ಕುಂಡಗಳು ಮೂರಾದರೂ ಆನುವಂಶಿಕವಾಗಿ ಗಿಡ ಒಂದೇ. ಅಂಥ ಎರಡು ಕುಂಡಗಳ ನಡುವೆ ಕುಂಚವಾಡಿಸುವುದು ಕಣ್ಣಿಗೆ ಪರಕೀಯ ಪರಾಗಸ್ಪರ್ಶದಂತೆ ಕಂಡರೂ ಹೂವಿನ ಪಾಲಿಗೆ ಅದು ಸ್ವಕೀಯವೇ. ಈ ಕುಟುಂಬದಲ್ಲಿ ತನ್ನ ಪರಾಗದಿಂದ ತಾನೇ ಬೀಜ ಕಟ್ಟುವ ಜಾತಿಗಳು ಬಹಳಷ್ಟಿವೆ. ಹಾಗೆಯೇ ತನ್ನ ಪರಾಗವನ್ನು ಗುರುತಿಸಿ ತಿರಸ್ಕರಿಸುವ ಜಾತಿಗಳೂ ಇವೆ. ತಿರಸ್ಕರಿಸುವ ಜಾತಿಗಳಿಗೆ ಅನಾನಸ್ ಒಳ್ಳೆಯ ಉದಾಹರಣೆ. ಅದರ ಪರಾಗ ಶಲಾಕಾಗ್ರದ ಮೇಲೆ ಮೊಳೆತರೂ, ಅದೇ ತಳಿಯ ಹೂವಾದರೆ ಪರಾಗನಳಿಕೆ ಅಂಡಕವನ್ನು ತಲುಪುವ ಮೊದಲೇ, ಶಲಾಕಾಗ್ರದಿಂದ ಅಂಡಾಶಯಕ್ಕಿಳಿಯುವ ಶಲಾಕೆಯಲ್ಲಿ ನಿಂತುಬಿಡುತ್ತದೆ. ಎಕರೆಗಟ್ಟಲೆ ತೋಟದಲ್ಲಿ ಒಂದೇ ತಳಿಯಿದ್ದರೆ ಅದು ಲಕ್ಷ ಗಿಡಗಳ ವೇಷದಲ್ಲಿರುವ ಒಂದೇ ಗಿಡ, ಆದ್ದರಿಂದ ಬೀಜವಿಲ್ಲ. ಬೇರೆ ತಳಿಯ ಪರಾಗ ಬಿದ್ದರೆ ಅದೇ ಹಣ್ಣಿನ ಕಣ್ಣುಗಳ ಹಿಂದೆ ಕೆಲವು ಮಿಲಿಮೀಟರ್ ಉದ್ದದ ಕಂದುಬಣ್ಣದ ಗಟ್ಟಿ ಬೀಜಗಳು ಕಟ್ಟುತ್ತವೆ. ಹವಾಯಿ ದ್ವೀಪಗಳಿಗೆ ಹಮ್ಮಿಂಗ್‌ಬರ್ಡ್ ಹಕ್ಕಿಗಳನ್ನು ತರುವುದಕ್ಕೆ ನಿಷೇಧವಿರುವುದರ ಹಿಂದೆ ಅನಾನಸ್ ತೋಟಗಳಲ್ಲಿ ಬೀಜ ಕಟ್ಟೀತೆಂಬ ಈ ಭಯವೂ ಇದೆ.

ಟಿಲ್ಯಾಂಡ್ಸಿಯಾ ವಿಷಯದಲ್ಲಿ ಆಶ್ಚರ್ಯಪಡಬೇಕಾಗಿಲ್ಲ. ಆ ಕುಲದಲ್ಲಿ ಯಾವ ಹಕ್ಕಿಯ, ಕೀಟದ ನೆರವೂ ಇಲ್ಲದೆ ತಾವೇ ಬೀಜ ಕಟ್ಟುವ ಜಾತಿಗಳು ಹಲವು. ಟಿಲ್ಯಾಂಡ್ಸಿಯಾ ರಿಕರ್ವೇಟಾ ಅವುಗಳಲ್ಲಿ ಪ್ರಸಿದ್ಧ. ಕೆಲವು ಜಾತಿಗಳಲ್ಲಿ ಹೂವು ಅರಳುವುದೂ ಇಲ್ಲ, ಮುಚ್ಚಿದ ಮೊಗ್ಗಿನೊಳಗೇ ಎಲ್ಲ ಮುಗಿಯುತ್ತದೆ. ಕಾಯಿ ಏಳು ತಿಂಗಳು ಹಸಿರಾಗಿರುವುದೂ ಅಸಹಜವಲ್ಲ. ಮಣ್ಣಿಲ್ಲದೆ, ಎಲೆಯ ಮೇಲಿನ ಶಲ್ಕಗಳಿಂದ (ಸಣ್ಣ ಹುರುಪೆಗಳಿಂದ) ನೀರು ಹೀರಿ ಬದುಕುವ ಗಿಡಕ್ಕೆ ಯಾವುದರಲ್ಲೂ ಅವಸರವಿಲ್ಲ. ಕೆಲವು ಜಾತಿಗಳ ಕಾಯಿ ಬಿರಿಯಲು ವರ್ಷವೇ ಹಿಡಿಯುತ್ತದೆ. ಬಲಿಯುವ ಮೊದಲೇ ಕಿತ್ತರೆ ಅದು ಬುಟ್ಟಿಯಲ್ಲಿಟ್ಟು ಹಣ್ಣು ಮಾಡುವಂಥ ಕಾಯಲ್ಲ.

ಎಲೆಬಟ್ಟಲು

ನಿಮ್ಮ ಪ್ರಶ್ನೆ ನೇರವಾಗಿ ಗುರಿಗೇ ತಗುಲಿತು. ಮೂರು ಕುಂಡಗಳೂ ನಾಲ್ಕು ವರ್ಷಗಳ ಹಿಂದೆ ನಾನೇ ಒಂದು ತಾಯಿಗಿಡದಿಂದ ಬೇರ್ಪಡಿಸಿದ ಮರಿಗಳು. ಎರಡು ತಿಂಗಳು ಕುಂಚ ಹಿಡಿದು ಒಂದೇ ಗಿಡವನ್ನು ಅದಕ್ಕೇ ಪರಿಚಯ ಮಾಡಿಸುತ್ತಿದ್ದೆನೆಂದು ಈಗ ತಿಳಿದು ನಗು ಬರುತ್ತಿದೆ. ಗೆಳೆಯರೊಬ್ಬರಲ್ಲಿ ಅದೇ ಜಾತಿಯ, ಆದರೆ ಎಲೆಯ ಪಟ್ಟೆ ತುಸು ಭಿನ್ನವಾಗಿರುವ, ಬೇರೆ ಕಡೆಯಿಂದ ಬಂದ ಗಿಡವಿದೆ. ಅದರ ಗೊಂಚಲು ಈಗ ತಾನೇ ಹೊರಡುತ್ತಿದೆ. ನನ್ನ ಒಂದು ಕುಂಡದಲ್ಲಿ ತಡವಾಗಿ ಬಂದ ಪಕ್ಕದ ಗೊಂಚಲಿನಲ್ಲಿ ಇನ್ನೂ ಮೊಗ್ಗುಗಳಿವೆ. ಈ ಸಲ ಸರಿಯಾಗಿ ಮಾಡುವುದು ಹೇಗೆ, ಬೀಜ ಸಿಕ್ಕರೆ ಮುಂದೇನು ಮಾಡಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಕುಂಚ ಮತ್ತು ದಾರ

ಒಂದೇ ಗೊಂಚಲಿನಲ್ಲಿ ಎರಡು ಬಗೆಯ ಪರಾಗಸ್ಪರ್ಶ ಮಾಡಿ ಹೋಲಿಸುವುದು ಅತ್ಯಂತ ವಿಶ್ವಾಸಾರ್ಹ ವಿಧಾನ. ಗೆಳೆಯರ ಗಿಡದ ಪರಾಗ ಹಚ್ಚಿದ ಹೂವುಗಳ ಬುಡಕ್ಕೆ ಕೆಂಪು ದಾರ, ನಿಮ್ಮದೇ ಗಿಡದ ಪರಾಗ ಹಚ್ಚಿದವುಗಳಿಗೆ ಬಿಳಿ ದಾರ ಕಟ್ಟಿರಿ. ಏನನ್ನೂ ಮಾಡದ ನಾಲ್ಕಾರು ಹೂವುಗಳನ್ನೂ ಬಿಡಿರಿ. ಕೆಂಪು ದಾರದವು ಮಾತ್ರ ಉಬ್ಬಿ ಬಣ್ಣ ಬದಲಿಸಿದರೆ ನಿಮ್ಮ ಗಿಡ ಸ್ವಂತ ಪರಾಗವನ್ನು ಒಲ್ಲದೆಂದು ಖಚಿತವಾಗುತ್ತದೆ. ಕೆಂಪು ಮತ್ತು ಬಿಳಿ ಎರಡೂ ಉಬ್ಬಿ, ಮುಟ್ಟದವು ಹಾಗೇ ಉಳಿದರೆ, ಕಳೆದ ಸಲ ತೊಡಕಾದದ್ದು ವೇಳೆ ಅಥವಾ ಕೈಚಳಕವೇ ಹೊರತು ಪರಾಗವಲ್ಲ. ಒಂದೊಂದು ಹೂವು ಸಾಮಾನ್ಯವಾಗಿ ಒಂದೇ ದಿನದ್ದು. ಆದ್ದರಿಂದ ಕೆಂಪು ದಾರಕ್ಕೆ ಆರಿಸಿದ ಹೂವುಗಳಲ್ಲಿ ಪರಾಗಕೋಶಗಳು ಒಡೆಯುವ ಮೊದಲೇ, ನಸುಕಿನಲ್ಲಿ, ದಳಗಳನ್ನು ಮೆಲ್ಲನೆ ಬಿಡಿಸಿ ಕೇಸರಗಳನ್ನು ಚಿಮುಟದಿಂದ ತೆಗೆದುಬಿಡಿ. ಶಲಾಕಾಗ್ರದ ಮೂರು ಸೀಳುಗಳು ತೇವದಿಂದ ಹೊಳೆಯುವಾಗ ಪರಾಗ ಹಚ್ಚಿದರೆ ಒಳ್ಳೆಯದು.

ಬೆರ್ರಿ ಪೂರ್ತಿ ಬಣ್ಣ ತಿರುಗಿ, ಹಿಡಿದೆಳೆದರೆ ತಾನಾಗಿ ಕೈಗೆ ಬರುವಾಗ ಬಿಡಿಸಿರಿ. ಹಿಸುಕಿದರೆ ಬೀಜಗಳು ಲೋಳೆಯೊಂದಿಗೆ ಹೊರಬರುತ್ತವೆ. ಈ ಲೋಳೆ ಕಾಡಿನಲ್ಲಿ ಬೀಜವನ್ನು ಕೊಂಬೆಗೆ ಅಂಟಿಸುವ ಉಪಕಾರಿಯಾದರೂ ಬಿತ್ತನೆಯ ತಟ್ಟೆಯಲ್ಲಿ ಬೂಸ್ಟಿಗೆ ಆಹಾರವಾಗುತ್ತದೆ; ಸಣ್ಣ ಜಾಲರಿಯಲ್ಲಿ ಹಾಕಿ, ಜಾರುವುದು ನಿಲ್ಲುವವರೆಗೆ ನೀರಿನಲ್ಲಿ ತೊಳೆಯಿರಿ. ನಾನು ಮೊದಲ ಸಲ ಈ ಕೆಲಸದಲ್ಲಿ ಸೋಮಾರಿತನ ಮಾಡಿ ಒಂದು ತಟ್ಟೆಯನ್ನು ಪೂರ್ತಿ ಕಳೆದುಕೊಂಡೆ. ತೊಳೆದ ಬೀಜವನ್ನು ಹೆಚ್ಚು ದಿನ ಇಟ್ಟುಕೊಳ್ಳಬೇಡಿ, ತಾಜಾ ಬೀಜದ ಮೊಳಕೆಯೇ ಬೇರೆ. ಒದ್ದೆಯಾದ, ನೀರು ನಿಲ್ಲದ ಮಾಧ್ಯಮದ ಮೇಲೆ ಬೀಜಗಳನ್ನು ಉದುರಿಸಿರಿ. ಮೇಲೆ ಮಣ್ಣು ಮುಚ್ಚಬೇಡಿ, ಏಕೆಂದರೆ ಅನೇಕ ಜಾತಿಗಳ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಬೆಚ್ಚಗಿದ್ದರೆ ಎರಡು ಮೂರು ವಾರಗಳಲ್ಲಿ ಹಸಿರು ಕಾಣುತ್ತದೆ. ಸಸಿಗಳು ಒಂದರಂತೆ ಒಂದಿರುವುದಿಲ್ಲ, ತಾಯಿಯ ಎಲೆಪಟ್ಟೆಯೂ ಹಾಗೆಯೇ ಬರುತ್ತದೆಂಬ ಭರವಸೆಯಿಲ್ಲ. ಬೀಜದ ಆಕರ್ಷಣೆಯೂ ಅದೇ ಅಲ್ಲವೇ?

ಟಿಲ್ಯಾಂಡ್ಸಿಯಾ ಕಾಯಿಗಳು ಹಸಿರಿನಿಂದ ಕಂದುಬಣ್ಣಕ್ಕೆ ತಿರುಗುವುದನ್ನು ನೋಡುತ್ತಿರಿ. ಬಣ್ಣ ತಿರುಗಿದ ಕೂಡಲೇ ಕಾಯಿಯ ನಡುವಿಗೆ ದಾರವನ್ನು ಸಡಿಲವಾಗಿ ಸುತ್ತಿದರೆ, ನೀವಿಲ್ಲದ ಮಧ್ಯಾಹ್ನ ಅದು ಬಿರಿದು ಬೀಜವೆಲ್ಲ ಹಾರಿಹೋಗುವುದು ತಪ್ಪುತ್ತದೆ. ತುದಿ ಸೀಳಿದ ಮೇಲೆ ಕುಚ್ಚಿನ ಸಮೇತ ಬೀಜಗಳನ್ನು ಎಳೆದು, ಒರಟು ತೊಗಟೆಗೋ ಬಲೆಗೋ ತೆಳುವಾಗಿ ಹರಡಿ, ದಿನವೂ ನೀರು ಸಿಂಪಡಿಸಿರಿ, ನಡುವೆ ಗಾಳಿಯಾಡಿ ಒಣಗಲಿಕ್ಕೂ ಬಿಡಿರಿ. ಕೆಲವು ವಾರಗಳಲ್ಲಿ ಬೀಜ ಉಬ್ಬಿ ಹಸಿರು ಚುಕ್ಕೆಯಾಗುತ್ತದೆ. ಬಳಿಕ ತಿಂಗಳುಗಟ್ಟಲೆ ಏನೂ ಆಗುತ್ತಿಲ್ಲವೆಂದೇ ಅನ್ನಿಸುತ್ತದೆ. ಒಂದು ವರ್ಷದ ಸಸಿ ಬೆರಳುಗುರಿನಷ್ಟೂ ಇರದಿದ್ದರೆ ಗಾಬರಿಯಾಗಬೇಡಿ.

ನೆರಳುಮನೆ

ತುದಿಮೊಗ್ಗಿನ ವಿಷಯದಲ್ಲಿ ನನ್ನ ತಪ್ಪನ್ನು ತಿದ್ದಿದ ಹಳೆಯ ವಿದ್ಯಾರ್ಥಿಯವರಿಗೆ ವಂದನೆಗಳು. ದಂಟು ಕತ್ತರಿಸಿದ ಮೇಲೂ ನನ್ನ ಗಿಡಗಳು ಎರಡು ವರ್ಷ ಹಸಿರಾಗಿದ್ದುದನ್ನೇ ಉಳಿವೆಂದು ಭಾವಿಸಿದ್ದೆ. ನೆನಪಿಸಿಕೊಂಡರೆ ಆ ಎರಡು ವರ್ಷಗಳಲ್ಲಿ ಹಳೆಯ ಸುಳಿಯಿಂದ ಒಂದು ಹೊಸ ಎಲೆಯೂ ಬಂದಿರಲಿಲ್ಲ.

ಎಲೆಬಟ್ಟಲು

ಕೆಂಪು ಮತ್ತು ಬಿಳಿ ದಾರ ಸಿದ್ಧವಾಗಿವೆ. ಗೆಳೆಯರ ಗಿಡದ ಮೊದಲ ಹೂವು ಇನ್ನೊಂದು ವಾರದಲ್ಲಿ ಅರಳುವಂತಿದೆ, ನನ್ನದರಲ್ಲಿ ಹನ್ನೊಂದು ಮೊಗ್ಗುಗಳು ಉಳಿದಿವೆ: ಐದಕ್ಕೆ ಕೆಂಪು, ಮೂರಕ್ಕೆ ಬಿಳಿ, ಮೂರನ್ನು ಮುಟ್ಟುವುದಿಲ್ಲ. ಕಾಯಿಗಳು ಏನು ಹೇಳುತ್ತವೆಂಬುದನ್ನು ಇಲ್ಲಿಯೇ ಬರೆಯುತ್ತೇನೆ.